ಪುಸ್ತಕಕ್ಕೊಂದು ಸೂರು

ಬೆಳಗಾವಿಗೆ ಗ್ರಂಥಾಲಯ ಹೊಸದೇನಲ್ಲ. ಇಲ್ಲಿನ ಸಾರ್ವಜನಿಕ ವಾಚನಾಲಯ ಶುರುವಾದದ್ದು 1848ರಲ್ಲಿ, ಅಂದರೆ ದೇಶದಲ್ಲಿ ಪ್ರಯಾಣಿಕರ ರೈಲು ಓಡುವುದಕ್ಕೂ ಐದು ವರ್ಷ ಮೊದಲು. ಓದುವ ಹವ್ಯಾಸ ಇಷ್ಟು ಹಳೆಯದಾದರೂ ಓದಿಗೆಂದೇ ಕಟ್ಟಡ ಕಟ್ಟುವ ವಿದ್ಯೆಯ ಬಗ್ಗೆ ನಾವು ಮಾತಾಡಿದ್ದು ಕಡಿಮೆ. ಖಾಲಿ ಬಿದ್ದ ಕೋಣೆಗೆ ನಾಲ್ಕು ಕಪಾಟು ತಂದಿಟ್ಟು ಫಲಕ ತೂಗುಹಾಕಿದರೆ ಮುಗಿಯಿತು ಎಂಬುದೇ ರೂಢಿ.

ಕಟ್ಟುವವರ ಲೆಕ್ಕ ಬೇರೆಯೇ ಇದೆ. ಮನೆಯ ಮಹಡಿಯ ನೆಲವನ್ನು ಚದರ ಮೀಟರಿಗೆ ಸುಮಾರು 200 ಕೆ.ಜಿ. ಭಾರ ತಾಳುವಂತೆ ವಿನ್ಯಾಸ ಮಾಡಿದರೆ, ಪುಸ್ತಕದ ಕಪಾಟುಗಳು ಸಾಲಾಗಿ ನಿಲ್ಲುವ ಕೋಣೆಗೆ ಕನಿಷ್ಠ 600 ಕೆ.ಜಿ. ಬೇಕೆನ್ನುತ್ತದೆ ಭಾರತೀಯ ಮಾನಕ. ಹಳೆಯ ಮನೆಯ ಮಹಡಿಯನ್ನು ಯೋಚಿಸದೆ ಗ್ರಂಥಾಲಯ ಮಾಡಬಾರದು ಎನ್ನುವುದು ಇದಕ್ಕೇ.

ಬೆಳಗಾವಿ ಸೀಮೆಯಲ್ಲಿ ಭಾರಕ್ಕಿಂತ ದೊಡ್ಡ ಪರೀಕ್ಷೆ ಮಳೆಯದು. ಖಾನಾಪುರ ತಾಲ್ಲೂಕಿನ ಕಣಕುಂಬಿ, ಜಾಂಬೋಟಿ ಕಡೆ ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಗಾಳಿಯ ತೇವಾಂಶ ಶೇ 65 ದಾಟಿ ಹಾಗೇ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಕಪಾಟನ್ನು ಹೊರಗೋಡೆಗೆ ಒತ್ತಿ ಇಡಬಾರದು; ಹಿಂದೆ ಗೇಣಷ್ಟು ಜಾಗ ಬಿಟ್ಟರೆ ಗಾಳಿಯಾಡುತ್ತದೆ. ಮಳೆಗಾಳಿ ಹೊಡೆಯುವ ಪಶ್ಚಿಮಕ್ಕೆ ದೊಡ್ಡ ಕಿಟಕಿ ಬೇಡ, ಅಗಲವಾದ ಪಡಸಾಲೆ ಇರಲಿ. ಖಾನಾಪುರದ ಜೇಡಿಮಣ್ಣು ಕುಂಬಾರಿಕೆಗೂ ಹೆಂಚಿಗೂ ಹೆಸರಾದದ್ದು. ಇಳಿಜಾರಾದ ಹೆಂಚಿನ ಚಾವಣಿ, ಮುಂದಕ್ಕೆ ಚಾಚಿದ ಸೂರು ಈ ಮಳೆಗೆ ಹಿರಿಯರು ಕಂಡುಕೊಂಡ ಉತ್ತರ. ಹೊಸ ಕಟ್ಟಡ ಅದನ್ನು ಮರೆತು ಗಾಜಿನ ಮುಂಭಾಗಕ್ಕೆ ಮನಸೋಲಬೇಕಿಲ್ಲ.

ಮಣ್ಣಿನಿಂದ ಆಧುನಿಕವಾಗಿ ಕಟ್ಟಲು ಬರುವುದಿಲ್ಲ ಎನ್ನುವವರು ಮಹಾರಾಷ್ಟ್ರದ ಕೋಪರಗಾಂವ ನೋಡಬೇಕು. ಅಲ್ಲಿನ ಶಾಲೆಯೊಂದರ ಆವರಣದಲ್ಲಿ ವಾಸ್ತುಶಿಲ್ಪಿ ಸಮೀಪ್ ಪಡೋರಾ ವಿನ್ಯಾಸ ಮಾಡಿದ ಮಾಯಾ ಸೋಮಯ್ಯ ಗ್ರಂಥಾಲಯ 2018ರಲ್ಲಿ ಸಿದ್ಧವಾಯಿತು. ತೆಳುವಾದ ಇಟ್ಟಿಗೆ ಬಿಲ್ಲೆಗಳನ್ನು ಮೂರು ಪದರದಲ್ಲಿ ಕೂರಿಸಿದ ಕಮಾನೇ ಅದರ ಚಾವಣಿ. ನೆಲದಿಂದಲೇ ದಿಬ್ಬದಂತೆ ಏಳುವ ಅದರ ಬೆನ್ನ ಮೇಲೆ ಮಕ್ಕಳು ಹತ್ತಿ ಆಡುತ್ತಾರೆ, ಒಳಗೆ ಕೂತು ಓದುತ್ತಾರೆ.

ಇನ್ನು ಬೆಳಕು. ಆಗ ಫಿನ್‌ಲೆಂಡಿನಲ್ಲಿದ್ದು ಈಗ ರಷ್ಯಾಕ್ಕೆ ಸೇರಿರುವ ವೀಪುರಿಯ ಗ್ರಂಥಾಲಯಕ್ಕೆ ವಾಸ್ತುಶಿಲ್ಪಿ ಅಲ್ವಾರ್ ಆಲ್ಟೊ 1935ರಲ್ಲಿ 57 ದುಂಡನೆಯ ಬೆಳಕಿಂಡಿಗಳನ್ನು ಚಾವಣಿಯಲ್ಲಿ ಕೂರಿಸಿದರು. ಆಳವಾದ ಆ ಕಿಂಡಿಗಳಲ್ಲಿ ಬಿಸಿಲು ನೇರ ಇಳಿಯದೆ, ಗೋಡೆಗೆ ತಾಗಿ ಚದುರಿ ಬರುತ್ತದೆ. ಓದುವವರ ತಲೆಯ ನೆರಳು ಪುಟದ ಮೇಲೆ ಬೀಳುವುದಿಲ್ಲ. ನಮ್ಮಲ್ಲಿ ಉತ್ತರಕ್ಕೆ ತೆರೆದ ಎತ್ತರದ ಕಿಟಕಿಗಳೇ ಈ ಕೆಲಸದ ಬಹುಪಾಲು ಮಾಡಬಲ್ಲವು.

ಗ್ರಂಥಾಲಯ ಬೆಳೆಯುವ ಜೀವಿ ಎಂದು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲೇ ಸೂತ್ರ ಮಾಡಿಟ್ಟರು. ಇಂದು ಆ ಬೆಳವಣಿಗೆ ಪುಸ್ತಕದ್ದಷ್ಟೇ ಅಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕ ಯುವತಿಯರು ತಮ್ಮ ಪುಸ್ತಕ ತಾವೇ ತಂದು ದಿನವಿಡೀ ಕೂರುತ್ತಾರೆ. ಅವರಿಗೆ ಬೇಕಾದದ್ದು ಗಟ್ಟಿ ಕುರ್ಚಿ, ಚಾರ್ಜಿಂಗ್ ಪಾಯಿಂಟ್, ಕುಡಿಯುವ ನೀರು, ಶುಚಿಯಾದ ಶೌಚಾಲಯ. ಪತ್ರಿಕೆ ಓದುವ ಹಿರಿಯರಿಗೆ ಮೆಟ್ಟಿಲಿಲ್ಲದ ಬಾಗಿಲು ಬೇಕು. ಮಕ್ಕಳಿಗೆ ಗದ್ದಲ ಮಾಡಲೂ ಒಂದು ಮೂಲೆ ಬೇಕು. ಕನ್ನಡ, ಮರಾಠಿ, ಉರ್ದು ಮೂರೂ ಓದುವ ಊರಿನಲ್ಲಿ ಕಪಾಟುಗಳ ನಡುವೆ ಗೋಡೆ ಬೇಡ.

ಕರ್ನಾಟಕಕ್ಕೆ 1965ರಲ್ಲೇ ಗ್ರಂಥಾಲಯ ಕಾಯ್ದೆ ಬಂದಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಇಂದು ಅರಿವು ಕೇಂದ್ರಗಳಾಗಿವೆ. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆಗೇ ಗ್ರಂಥಾಲಯ ಕರವೂ ಹೋಗುತ್ತದೆ. ಹಣ ನಮ್ಮದಾದ ಮೇಲೆ ಕೇಳುವ ಹಕ್ಕೂ ನಮ್ಮದೇ. ನಿಮ್ಮ ವಾರ್ಡಿನಲ್ಲೋ ಊರಿನಲ್ಲೋ ಹೊಸ ಗ್ರಂಥಾಲಯದ ಸುದ್ದಿ ಬಂದರೆ ಉದ್ಘಾಟನೆಯವರೆಗೆ ಕಾಯಬೇಡಿ. ನಕ್ಷೆ ಮೇಜಿನ ಮೇಲಿರುವಾಗಲೇ ಹೋಗಿ, ಮಳೆ ನೀರು ಎಲ್ಲಿ ಇಳಿಯುತ್ತದೆ, ಬೆಳಕು ಎಲ್ಲಿಂದ ಬರುತ್ತದೆ ಎಂದು ಕೇಳಿ.