ಒಂದೇ ಗೇಮ್‌ನಲ್ಲಿ 17,000 ಕಥೆಗಳಿರುತ್ತವೆಯೇ? ಆಡುವವರ ಮನಸ್ಸನ್ನು ಗೇಮ್ ಓದುತ್ತದೆಯೇ?

‘ಆ ಗೇಮ್‌ನಲ್ಲಿ 17,000 ಕಥೆಗಳಿವೆಯಂತೆ, ನಮ್ಮ ಮನಸ್ಸನ್ನು ಓದಿ ಅದೇ ಕಥೆ ಬದಲಿಸುತ್ತದಂತೆ’ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಇದರಲ್ಲಿ ನಿಜವೆಷ್ಟು?

ಚುಟುಕಾಗಿ ಉತ್ತರ: 17,000 ಎಂಬ ಸಂಖ್ಯೆಗೆ ಮೂಲವಿದೆ, ಆದರೆ ಅದು ಕಥೆಗಳ ಲೆಕ್ಕವಲ್ಲ. ಮನಸ್ಸು ಓದುವ ಮಾತು ಸುಳ್ಳು.

ಈ ಸಂಖ್ಯೆ ಎಲ್ಲಿಂದ ಬಂತು?

ಬೆಲ್ಜಿಯಂನ ಲೇರಿಯನ್ ಸ್ಟುಡಿಯೋಸ್ ತಯಾರಿಸಿದ ‘ಬಾಲ್ಡರ್ಸ್ ಗೇಟ್ 3’ ಗೇಮ್ 2023ರ ಆಗಸ್ಟ್‌ನಲ್ಲಿ ಬಿಡುಗಡೆಯಾಯಿತು. ಇದೊಂದು ರೋಲ್ ಪ್ಲೇಯಿಂಗ್ ಗೇಮ್. ಅಂದರೆ ನೀವು ಒಂದು ಪಾತ್ರವಾಗುತ್ತೀರಿ. ಆ ಪಾತ್ರ ಏನು ಮಾತಾಡಬೇಕು, ಯಾರ ಪರ ನಿಲ್ಲಬೇಕು ಎಂಬುದನ್ನು ನೀವೇ ಆರಿಸುತ್ತೀರಿ. ಮುಕ್ತಾಯಕ್ಕೆ 17,000 ರೂಪಾಂತರಗಳಿವೆ ಎಂದು ಕಂಪನಿ ಬಿಡುಗಡೆಗೆ ಮೊದಲೇ ಹೇಳಿತ್ತು. ರೂಪಾಂತರ ಎಂದರೆ ಬೇರೆ ಕಥೆಯಲ್ಲ.

ದಾವಣಗೆರೆಯ ದೋಸೆ ಲೆಕ್ಕದಲ್ಲಿ ನೋಡೋಣ. ಬೆಣ್ಣೆ, ಓಪನ್, ಖಾಲಿ ಎಂದು ಮೂರು ಬಗೆ. ಪಲ್ಯ ಬೇಕೋ ಬೇಡವೋ? ಚಟ್ನಿ ಜಾಸ್ತಿ ಬೇಕೋ ಬೇಡವೋ? ಇಲ್ಲೇ ತಿನ್ನುವುದೋ ಪಾರ್ಸೆಲ್ಲೋ? ಒಂದೊಂದು ಪ್ರಶ್ನೆಗೂ ಲೆಕ್ಕ ದುಪ್ಪಟ್ಟಾಗಿ ಒಟ್ಟು 24 ಆಗುತ್ತದೆ. ಆದರೆ ಹಿಟ್ಟು ಒಂದೇ. ಹೌದು-ಇಲ್ಲ ಎಂದು ಉತ್ತರಿಸುವ 14 ಪ್ರಶ್ನೆಗಳಿದ್ದರೆ ಸಾಕು, 16,384 ರೂಪಾಂತರಗಳಾಗುತ್ತವೆ. ಯಾವ ಗೆಳೆಯ ಬದುಕಿದ, ಯಾರೊಂದಿಗೆ ಜಗಳವಾಯಿತು ಎಂಬಂಥ ಸಣ್ಣ ವ್ಯತ್ಯಾಸಗಳೂ ಸೇರಿದಾಗ ಸಂಖ್ಯೆ ಹೀಗೆ ದೊಡ್ಡದಾಗುತ್ತದೆ.

ಹಾಗಾದರೆ ನಮ್ಮ ಆಯ್ಕೆಗೆ ಬೆಲೆಯಿಲ್ಲವೇ?

ಇದೆ, ಆದರೆ ಮಿತಿಯೊಳಗೆ. ಪ್ರತಿ ಆಯ್ಕೆಯಲ್ಲೂ ಕಥೆ ಎರಡಾಗಿ ಒಡೆದು ಮತ್ತೆ ಕೂಡದೇ ಹೋದರೆ, ಹತ್ತೇ ಆಯ್ಕೆಗಳಿಗೆ 1,024 ಕಥೆಗಳಾಗುತ್ತವೆ. ಅಷ್ಟನ್ನೂ ಬರೆದು, ಚಿತ್ರ ಮಾಡಿ, ಧ್ವನಿ ಕೊಡುವುದು ಆಗದ ಕೆಲಸ. ಅದಕ್ಕಾಗಿ ಬರಹಗಾರರು ಕವಲುಗಳನ್ನು ಮತ್ತೆ ಒಂದೆಡೆ ಕೂಡಿಸುತ್ತಾರೆ. ಶಾಮನೂರಿನಿಂದ ಹರಿಹರಕ್ಕೆ ಬೈಕಿನಲ್ಲಿ ಹೋಗಬಹುದು, ದಾವಣಗೆರೆಗೆ ಬಂದು ಬಸ್ಸನ್ನೋ ರೈಲನ್ನೋ ಹತ್ತಬಹುದು. ದಾರಿಯಲ್ಲಿ ಕಾಣುವುದು ಬೇರೆ, ಸಿಗುವ ಜನ ಬೇರೆ. ಇಳಿಯುವ ಊರು ಮಾತ್ರ ಹರಿಹರವೇ.

ಯಾವ ದಾರಿಯಲ್ಲಿ ಬಂದಿರಿ ಎಂಬುದನ್ನು ಗೇಮ್ ಗುರುತು ಹಾಕಿಕೊಂಡಿರುತ್ತದೆ. ಇದಕ್ಕೆ ‘ಫ್ಲ್ಯಾಗ್’ ಎನ್ನುತ್ತಾರೆ. ಹತ್ತು ಗಂಟೆ ಆಡಿದ ಮೇಲೆ ಯಾವುದೋ ಪಾತ್ರ ‘ಅವತ್ತು ನೀನು ನನ್ನನ್ನು ಬಿಟ್ಟು ಹೋದೆ’ ಎಂದರೆ, ಅದು ನೆನಪಲ್ಲ, ಆ ಗುರುತು. ಆ ಸಾಲು ಮೊದಲೇ ಬರೆದಿಟ್ಟದ್ದು.

ಮನಸ್ಸು ಓದಿದಂತೆ ಅನಿಸುವುದೇಕೆ?

ಇಬ್ಬರು ಗೆಳೆಯರು ಒಂದೇ ಉತ್ತರ ಆರಿಸಿದರೂ ಫಲ ಬೇರೆಯಾಗಬಹುದು. ಕಾರಣ ದಾಳ. ಬಾಲ್ಡರ್ಸ್ ಗೇಟ್ 3ರಲ್ಲಿ ಅನೇಕ ಮಾತುಗಳು ಫಲಿಸುವುದೂ ಕೆಡುವುದೂ 20 ಮುಖದ ದಾಳ ಬಿದ್ದಂತೆ.

ತಾಳಮದ್ದಳೆಯೊಂದಿಗೆ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿ ಪ್ರಸಂಗ ಮೊದಲೇ ನಿಗದಿ. ಕೃಷ್ಣನ ಅರ್ಥಧಾರಿ ಎಷ್ಟೇ ಚೆನ್ನಾಗಿ ವಾದಿಸಿದರೂ ಸಂಧಾನ ಮುರಿಯುತ್ತದೆ. ಆದರೆ ಎದುರಿನವರು ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ಉತ್ತರ ಕೊಡುತ್ತಾರೆ. ಸಾಮಾನ್ಯ ಗೇಮ್‌ಗೆ ಅದು ಸಾಧ್ಯವಿಲ್ಲ. ಬರೆದಿಟ್ಟದ್ದರಲ್ಲಿ ಒಂದನ್ನು ಅದು ಎತ್ತಿಕೊಡುತ್ತದೆ, ಅಷ್ಟೆ. 2019ರ ‘ಡಿಸ್ಕೋ ಎಲಿಸಿಯಂ’ ಗೇಮ್‌ಗಾಗಿ ಬರಹಗಾರರು ಸುಮಾರು 10 ಲಕ್ಷ ಪದ ಬರೆದಿದ್ದರು. ‘ಎಐ ಡಂಜನ್’ನಂಥ ಕೆಲವು ಗೇಮ್‌ಗಳು ಆಗಿಂದಾಗಲೇ ಕಥೆ ಹೆಣೆಯುವುದು ನಿಜ. ಅವೂ ನೀವು ಟೈಪ್ ಮಾಡಿದ್ದನ್ನು ನೋಡುತ್ತವೆ, ಮನಸ್ಸನ್ನಲ್ಲ.

ಇದು ನಮಗೇಕೆ ಮುಖ್ಯ?

ದುಡ್ಡಿನ ಪ್ರಶ್ನೆ ಇರುವುದರಿಂದ. ಮೊಬೈಲಿನ ಅನೇಕ ಸ್ಟೋರಿ ಆ್ಯಪ್‌ಗಳಲ್ಲಿ ‘ಒಳ್ಳೆಯ’ ಉತ್ತರಕ್ಕೆ ಡೈಮಂಡ್ ಕೊಡಬೇಕು. ಮುಗಿದರೆ ಹಣ ಕೊಟ್ಟು ಕೊಳ್ಳಬೇಕು. ‘ಈಗ ಆರಿಸದಿದ್ದರೆ ಕಥೆಯೇ ಹಾಳು’ ಎಂದು ಮಕ್ಕಳಿಗೆ ಅನಿಸುತ್ತದೆ. ಆದರೆ ಎಷ್ಟೋ ಸಲ ಡೈಮಂಡ್ ಕೊಟ್ಟ ದಾರಿಯೂ ಕೊಡದ ದಾರಿಯೂ ಮುಂದೆ ಒಂದೇ ಕಡೆ ಸೇರುತ್ತವೆ. ದುಡ್ಡಿಗೆ ಸಿಗುವುದು ಒಂದು ಹೆಚ್ಚಿನ ದೃಶ್ಯ ಅಥವಾ ಹೊಸ ಬಟ್ಟೆ.

ಮನೆಯಲ್ಲಿ ಹೀಗೆ ಮಾಡಿ:

• ಡೈಮಂಡ್ ಕೇಳಿದಾಗ ಒಮ್ಮೆ ಉಚಿತ ಉತ್ತರವನ್ನೇ ಆರಿಸಿ, ಕಥೆ ಮುಂದೆ ಹೋಗುತ್ತದೆಯೇ ನೋಡಿ.
• ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ.
• ಮಗು ಆಡುತ್ತಿದ್ದರೆ ಗದರುವ ಮೊದಲು ‘ಈ ಕಥೆಯಲ್ಲಿ ನೀನು ಯಾರು? ಏನು ಆರಿಸಿದೆ?’ ಎಂದು ಕೇಳಿ. ಗೇಮ್ ಎಂಥದ್ದು ಎಂಬುದು ಆ ಉತ್ತರದಲ್ಲೇ ಅರ್ಧ ತಿಳಿಯುತ್ತದೆ.

‘ಮನಸ್ಸು ಓದುವ ಗೇಮ್’ ಎಂಬ ಸಂದೇಶ ಬಂದರೆ ಅದನ್ನು ಅಲ್ಲೇ ನಿಲ್ಲಿಸಿ. ಫಾರ್ವರ್ಡ್ ಮಾಡುವುದೇ ಆದರೆ ಡೈಮಂಡ್ ಲೆಕ್ಕವನ್ನು ಮಾಡಿ.