ಶ್ರೀಗಂಧದ ಕೊರಡಿನ ರಫ್ತು: ಮೈಸೂರು ಸೀಮೆ ಮತ್ತು ಆಸ್ಟ್ರೇಲಿಯಾ

ಕೊಳಾಲ ಹೋಬಳಿಯಂತಹ ಮಳೆಯಾಶ್ರಯದ ಸೀಮೆಯಲ್ಲಿ, ಬೆಟ್ಟದಂಚಿನ ಹೊಲಗಳ ಬೇಲಿಸಾಲುಗಳಲ್ಲಿ ಹಕ್ಕಿಗಳು ಉದುರಿಸಿದ ಬೀಜದಿಂದ ಶ್ರೀಗಂಧದ ಸಸಿಗಳು ತಾವಾಗಿಯೇ ಹುಟ್ಟುವುದುಂಟು. ಅವನ್ನು ಉಳಿಸುವುದೂ ಕೀಳುವುದೂ ಜಮೀನಿನವನ ಮನಸ್ಸಿಗೆ ಸೇರಿದುದು. ಈ ಅಲ್ಪ ವಿಷಯವು ಹೊರದೇಶದ ವ್ಯಾಪಾರದೊಡನೆ ಹೆಣೆದುಕೊಂಡಿರುವ ಬಗೆಯನ್ನು ಎರಡು ಸೀಮೆಗಳ ವೃತ್ತಾಂತದಿಂದ ತಿಳಿಯಬಹುದು.

ಮೈಸೂರಿನಲ್ಲಿ 1792ರಲ್ಲಿ ಟಿಪ್ಪು ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನು. ಅನಂತರದ ಅರಸರ ಕಾಲದಲ್ಲಿಯೂ ಮರವು ಯಾರ ಹೊಲದಲ್ಲಿ ಬೆಳೆದರೂ ಸರ್ಕಾರದ ಸ್ವತ್ತೇ ಆಗಿತ್ತು. ಕೋಠಿಗಳಲ್ಲಿ ಹರಾಜಾದ ಕೊರಡುಗಳು ಹೆಚ್ಚಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದುವು. 1914ರಲ್ಲಿ ಯುದ್ಧ ಮೊದಲಾಗಲು ಕೊಳ್ಳುವವರು ಇಲ್ಲದೆ ಕೊರಡುಗಳು ಕೋಠಿಗಳಲ್ಲಿಯೇ ಉಳಿದುವು. ಆಗ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ಬೆಂಗಳೂರಿನಲ್ಲಿಯೇ ಎಣ್ಣೆ ತೆಗೆಯಲು ಆರಂಭವಾಯಿತು. ಅಂದಿನಿಂದ ಮೈಸೂರು ಕೊರಡಿಗಿಂತ ಎಣ್ಣೆಯನ್ನೇ ಹೆಚ್ಚಾಗಿ ಹೊರಕ್ಕೆ ಕಳುಹಿಸಿತು; ಲಾಭವೂ ನಾಡಿನಲ್ಲಿಯೇ ನಿಂತಿತು.

ಪಶ್ಚಿಮ ಆಸ್ಟ್ರೇಲಿಯಾದ ಮಾರ್ಗವು ಬೇರೆ. ಅಲ್ಲಿನದು ಬೇರೊಂದು ಜಾತಿಯ ಗಂಧ. ಎಣ್ಣೆಯ ಅಂಶವು ನಮ್ಮದಕ್ಕಿಂತ ಕಡಮೆ. 1845ರಲ್ಲಿ 4 ಟನ್ನುಗಳಿಂದ ಮೊದಲಾದ ರಫ್ತು 1920ರ ಸುಮಾರಿಗೆ ವರ್ಷಕ್ಕೆ ಸುಮಾರು 14,000 ಟನ್ನುಗಳಿಗೆ ಏರಿತು. ಬಹುಪಾಲು ಚೀನಾಕ್ಕೆ, ಧೂಪದ ಕಡ್ಡಿಗಾಗಿ. ಗೋದಿಯ ಬೇಸಾಯಕ್ಕೆ ನೆಲವನ್ನು ಹಸನುಮಾಡುತ್ತಿದ್ದ ರೈತರಿಗೆ ಗಂಧದ ಕೊರಡೇ ಕೈಗಾಸಾಯಿತು. ಕಿತ್ತವರು ನೆಟ್ಟವರಲ್ಲವಾದುದರಿಂದ ರೈಲುದಾರಿಯ ಸಮೀಪದ ಮರಗಳು ಮೊದಲು ತೀರಿದುವು. 1929ರಲ್ಲಿ ಅಲ್ಲಿನ ಸರ್ಕಾರವು ಕೀಳುವ ಪ್ರಮಾಣಕ್ಕೆ ಕಾಯಿದೆಯಿಂದ ಮಿತಿಯನ್ನು ಹಾಕಿತು.

ಹಾಗಾದರೆ ಬಿಗಿಯಾದ ಹತೋಟಿಯಿದ್ದ ನಮ್ಮ ಸೀಮೆಯಲ್ಲಿ ಮರಗಳು ಉಳಿದುವೆ? ಇಲ್ಲ. ಇಪ್ಪತ್ತನೆಯ ಶತಮಾನದ ಮಧ್ಯದವರೆಗೆ ಭಾರತದಲ್ಲಿ ವರ್ಷಕ್ಕೆ ಸುಮಾರು 4,000 ಟನ್ ಚೇಗು ದೊರೆಯುತ್ತಿದ್ದುದು ಮುಂದೆ ಕೆಲವು ನೂರು ಟನ್ನುಗಳಿಗೆ ಇಳಿಯಿತು. ಎಲೆಗಳು ಕಿರಿದಾಗಿ ಸೆಟೆದು ನಿಂತು ಮರವು ಎರಡು ಮೂರು ವರ್ಷಗಳಲ್ಲಿ ಸಾಯುವ ಸ್ಪೈಕ್ ರೋಗವೂ ಕಳ್ಳರ ಕೊಡಲಿಯೂ ಇದಕ್ಕೆ ಕಾರಣಗಳು. ಆದರೆ ಮತ್ತೊಂದನ್ನು ಮರೆಯಲಾಗದು: ಮರವಿದ್ದರೆ ತನಿಖೆ, ಕಳುವಾದರೆ ವಿಚಾರಣೆ, ಒಡೆತನ ಮಾತ್ರ ಇಲ್ಲ. ಮೊಳೆತ ಸಸಿಯನ್ನು ಕಿತ್ತೆಸೆಯುವುದೇ ಕ್ಷೇಮವೆಂದು ರೈತನು ಬಗೆದುದರಲ್ಲಿ ಆಶ್ಚರ್ಯವೇನು?

ಅತ್ತ ಆಸ್ಟ್ರೇಲಿಯಾದವರು 1999ರಿಂದ, ವಾಯವ್ಯ ಭಾಗದ ಆರ್ಡ್ ನದಿಯ ನೀರಾವರಿ ಪ್ರದೇಶದಲ್ಲಿ, ನಮ್ಮ ಜಾತಿಯ ಶ್ರೀಗಂಧವನ್ನೇ ವಾಣಿಜ್ಯದ ತೋಪುಗಳಾಗಿ ಬೆಳೆಸಿದರು. ಇತ್ತ ಕರ್ನಾಟಕದಲ್ಲಿ 2001ರ ಅರಣ್ಯ ಕಾಯಿದೆಯ ತಿದ್ದುಪಡಿಯಿಂದ ಹೊಲದ ಶ್ರೀಗಂಧವು ಹೊಲದವನದೇ ಆಯಿತು. ಕಡಿಯುವುದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಆಗಿನ ನಿಯಮದಂತೆ ಕೊರಡನ್ನು ಮನಬಂದವರಿಗೆ ಮಾರುವಂತಿರಲಿಲ್ಲ.

ಬೆಳೆಸಲಿಚ್ಛಿಸುವವರು ತಿಳಿದಿರತಕ್ಕದ್ದೇನೆಂದರೆ, ಶ್ರೀಗಂಧವು ನೆರೆಯ ಗಿಡದ ಬೇರಿನಿಂದ ಆಹಾರವನ್ನು ಹೀರುವ ಮರ. ಎಳೆಯ ಸಸಿಯ ಬಳಿ ತೊಗರಿಯನ್ನೂ, ಮುಂದೆ ಹೊಂಗೆ ಅಥವಾ ಸರ್ವೆಯನ್ನೂ ಬೆಳೆಸಬೇಕು. ನೀರು ಬಸಿದುಹೋಗುವ ಕೆಂಪು ಮಣ್ಣು ಒಳ್ಳೆಯದು; ಕೆರೆಯ ಹಿಂದಿನ ಜೌಗು ಆಗದು. ಚೇಗು ಕೂಡಲು ಹತ್ತು ವರ್ಷಗಳಾದರೂ ಬೇಕು, ಒಳ್ಳೆಯ ಫಲಕ್ಕೆ ಅದಕ್ಕಿಂತಲೂ ಹೆಚ್ಚು. ಬೇರಿನಲ್ಲಿ ಎಣ್ಣೆಯು ಅಧಿಕವಾದುದರಿಂದ ಮರವನ್ನು ಬುಡದಲ್ಲಿ ಕಡಿಯದೆ ಬೇರುಸಹಿತ ಅಗೆದು ತೆಗೆಯುವ ರೂಢಿಯಿದೆ. ಮರಗಳ ಸಂಖ್ಯೆಯನ್ನು ಪಹಣಿಯಲ್ಲಿ ಮೊದಲೇ ಬರೆಯಿಸಿಟ್ಟರೆ ಅನುಮತಿ ಕೇಳುವ ದಿನ ತೊಡಕು ಕಡಮೆ. ಕಾವಲಿನ ವಿಷಯದಲ್ಲಿ ಒಬ್ಬೊಬ್ಬರೇ ಹೆಣಗುವುದಕ್ಕಿಂತ, ಅಕ್ಕಪಕ್ಕದ ಹೊಲದವರು ಕೂಡಿ ಒಂದೇ ದಿಕ್ಕಿನಲ್ಲಿ ನೆಟ್ಟು ಒಬ್ಬ ಕಾವಲುಗಾರನನ್ನು ಇಡುವುದು ಅಗ್ಗವಾದೀತು. ಗ್ರಾಮದ ಮುಖಂಡರು ಇದನ್ನು ಆಲೋಚಿಸಬಹುದು.