ಶಿಶುವಿನ ಅನ್ನಕ್ಕೆ ಪಾಲುದಾರರು

ತಾಯಿಯ ಹಾಲಿನಲ್ಲಿ ಲ್ಯಾಕ್ಟೋಸು ಮತ್ತು ಕೊಬ್ಬುಗಳನ್ನು ಬಿಟ್ಟರೆ ಅತ್ಯಧಿಕ ಪ್ರಮಾಣದಲ್ಲಿರುವ ಘನಾಂಶವು, ಆ ಹಾಲನ್ನು ಕುಡಿಯುವ ಶಿಶುವಿಗೆ ಜೀರ್ಣವೇ ಆಗದಂಥ ಸಂಕೀರ್ಣ ಶರ್ಕರಗಳ ಸಮೂಹವೆಂದು ಕೇಳಿದರೆ ಯಾರಿಗಾದರೂ ವಿಸ್ಮಯವಾಗದಿರದು. ಆದರೆ ಇವು ಅಲ್ಲಿ ವೃಥಾ ಸೇರಿದುವಲ್ಲ. ಜಠರವನ್ನೂ ಸಣ್ಣ ಕರುಳನ್ನೂ ಹಾಗೆಯೇ ದಾಟಿ ದೊಡ್ಡ ಕರುಳನ್ನು ಮುಟ್ಟುವ ಈ ಶರ್ಕರಗಳನ್ನು ಅಲ್ಲಿ ನೆಲಸಿರುವ ಬೈಫಿಡೊಬ್ಯಾಕ್ಟೀರಿಯಗಳೆಂಬ ಸೂಕ್ಷ್ಮಜೀವಿಗಳು ಉಂಡು, ಹುದುಗಿಸಿ, ರೋಗಕಾರಕ ಜೀವಿಗಳು ತಲೆಯೆತ್ತದಂತೆ ತಡೆಯುವ ಆಮ್ಲಗಳನ್ನು ಉತ್ಪಾದಿಸುತ್ತವೆ. ಎಂದಮೇಲೆ ತಾಯಿಯು ಹಾಲೂಡಿಸುವುದು ಕೂಸಿಗೊಂದಕ್ಕೇ ಅಲ್ಲ.

ಮಗುವು ಅನ್ನಕ್ಕೆ ಬಾಯಿಟ್ಟಂತೆ ಕರುಳಿನ ಈ ಸೂಕ್ಷ್ಮಜೀವಿಗಳ ಸಮುದಾಯವೂ ಮಾರ್ಪಡುತ್ತ, ಎರಡು ಮೂರು ವರ್ಷಗಳಲ್ಲಿ ಬಹುಮಟ್ಟಿಗೆ ಪ್ರೌಢವಾಗುತ್ತದೆ. ಆಹಾರವೇ ಸಾಲದ ಮನೆಗಳಲ್ಲಿ ಏನಾಗುತ್ತದೆ? ಅಮೆರಿಕದ ಜೆಫ್ರಿ ಗಾರ್ಡನ್ನರೂ ಢಾಕಾದ ಅಂತರರಾಷ್ಟ್ರೀಯ ಅತಿಸಾರ ಸಂಶೋಧನ ಕೇಂದ್ರದ ತಹಮೀದ್ ಅಹ್ಮದರೂ ತಮ್ಮ ಸಹೋದ್ಯೋಗಿಗಳೊಡನೆ, ಆ ನಗರದ ಮೀರ್‌ಪುರ ಕೊಳೆಗೇರಿಯ ಆರೋಗ್ಯವಂತ ಶಿಶುಗಳ ಮಲವನ್ನು ತಿಂಗಳು ತಿಂಗಳೂ ಪರೀಕ್ಷಿಸಿ, ಯಾವ ವಯಸ್ಸಿಗೆ ಯಾವ ಜೀವಿಗಳು ಎಷ್ಟಿರಬೇಕೆಂಬ ಮಾನದಂಡವೊಂದನ್ನು ಕಟ್ಟಿದರು. ಅದರಿಂದ ಅಳೆದು ನೋಡಲಾಗಿ, ತೀವ್ರ ಅಪೌಷ್ಟಿಕತೆಗೆ ತುತ್ತಾದ ಮಕ್ಕಳ ಕರುಳಿನ ಸಮುದಾಯವು ಅವರ ವಯಸ್ಸಿಗಿಂತ ಎಳೆಯದಾಗಿಯೇ ನಿಂತುಬಿಟ್ಟಿತ್ತೆಂದು 2014ರಲ್ಲಿ ಪ್ರಕಟಿಸಿದರು. ಚಿಕಿತ್ಸೆಯ ಆಹಾರವನ್ನು ಕೊಟ್ಟಾಗ ತುಸು ಮುಂದುವರಿದ ಸಮುದಾಯವು, ಅದನ್ನು ನಿಲ್ಲಿಸಿದ ಮೇಲೆ ಮತ್ತೆ ಹಿಂದಕ್ಕೆ ಜಾರಿತು. ತಕ್ಕಡಿಗೆ ಕಾಣದ ಈ ಕೊರತೆಯನ್ನು ನಾವು ಇಷ್ಟು ಕಾಲ ಅಲಕ್ಷಿಸಿದುದು ಶೋಚನೀಯವೇ ಸರಿ.

ಹಾಗಾದರೆ ಮಗುವಿನೊಡನೆ ಆ ಜೀವಿಗಳನ್ನೂ ಪೋಷಿಸುವ ಆಹಾರ ಯಾವುದು? ಬಗೆಬಗೆಯ ಮಿಶ್ರಣಗಳನ್ನು ಇಲಿ, ಹಂದಿಮರಿಗಳಲ್ಲಿ ಪರೀಕ್ಷಿಸಿ, ಕಡಲೆ, ನೆಲಗಡಲೆ, ಸೋಯಾ ಇವುಗಳ ಹಿಟ್ಟಿಗೆ ಬಾಳೆಕಾಯಿಯ ತಿರುಳು, ಸಕ್ಕರೆ, ಎಣ್ಣೆಗಳನ್ನು ಕೂಡಿಸಿದ ಒಂದು ಕಲಸನ್ನು ಅವರು ಆರಿಸಿಕೊಂಡರು. ನಮ್ಮ ಅಡಿಗೆಮನೆಗೂ ಹೊಸದಲ್ಲದ ಪದಾರ್ಥಗಳಿವು! ಒಂದರಿಂದ ಒಂದೂವರೆ ವರ್ಷದ, ಮಧ್ಯಮ ಪ್ರಮಾಣದ ಅಪೌಷ್ಟಿಕತೆಯಿದ್ದ ಮೀರ್‌ಪುರದ ಮಕ್ಕಳಲ್ಲಿ ಕೆಲವರಿಗೆ ಇದನ್ನೂ, ಉಳಿದವರಿಗೆ ಅಕ್ಕಿ, ಬೇಳೆ, ಹಾಲಿನ ಪುಡಿಗಳಿಂದಾದ ರೂಢಿಯ ಪೂರಕ ಆಹಾರವನ್ನೂ ಮೂರು ತಿಂಗಳು ದಿನಕ್ಕೆರಡು ಬಾರಿ ಉಣಿಸಿದರು. ಪರೀಕ್ಷೆಯನ್ನು ಪೂರೈಸಿದವರು 118 ಮಕ್ಕಳು. ಹೊಸ ಕಲಸಿನಲ್ಲಿ ಕ್ಯಾಲೊರಿ ಕಡಮೆಯಿದ್ದರೂ ಅದನ್ನುಂಡ ಮಕ್ಕಳು ಮೈಯುದ್ದಕ್ಕೆ ತಕ್ಕ ತೂಕವನ್ನು ಹೆಚ್ಚು ಚೆನ್ನಾಗಿ ಗಳಿಸಿದುದು 2021ರಲ್ಲಿ ಪ್ರಕಟವಾಯಿತು. ಎಲುಬಿನ ಹಾಗೂ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಪ್ರೋಟೀನುಗಳು ಅವರ ರಕ್ತದಲ್ಲಿ ಏರಿದ್ದುವು.

ಈ ವ್ಯತ್ಯಾಸದ ಮೂಲವನ್ನು ಹುಡುಕುತ್ತ ಹೋದವರಿಗೆ ಮುಖ್ಯವಾಗಿ ದೊರೆತದ್ದು ಪ್ರೆವೊಟೆಲ್ಲ ಕೊಪ್ರಿ ಎಂಬ ಬ್ಯಾಕ್ಟೀರಿಯ: ಕಾಳುಕಡಿಗಳ ಕೋಶಭಿತ್ತಿಯಲ್ಲಿ ಹುದುಗಿರುವ, ಮಾನವಕಿಣ್ವಗಳಿಗೆ ಮಣಿಯದ ಸಂಕೀರ್ಣ ಶರ್ಕರಗಳನ್ನು ಒಡೆಯಬಲ್ಲ ಅದರ ಕೆಲವು ತಳಿಗಳು ಹೆಚ್ಚಿದಂತೆ ಮಕ್ಕಳ ತೂಕವೂ ಹೆಚ್ಚಿದ್ದಿತು.